ಹಗ್ಗ ಎಳೆಯುವ ಹೆಂಗಸರು ನೀರು ಕುಡಿದ ದಿನ

ಬೇಸಿಗೆ ರಜೆ ಶುರುವಾಯಿತೆಂದರೆ ಊರಾಚೆಯ ಮೈದಾನಕ್ಕೆ ಜೀವ ಬರುತ್ತದೆ. ಸೈಕಲ್ ರೇಸು, ಗೋಣಿಚೀಲದ ಓಟ, ಕೆರೆ ಸುತ್ತ ನಡಿಗೆ, ಎಲ್ಲಕ್ಕಿಂತ ಕೊನೆಗೆ ಸುತ್ತಲ ಊರುಗಳ ಹೆಂಗಸರ ಹಗ್ಗಜಗ್ಗಾಟ. ಇಡೀ ದಿನದ ಆಟ. ಇಡೀ ದಿನದ ಬಿಸಿಲು. ನೆರಳಿಗೆಂದು ಒಂದೇ ಒಂದು ಮರ, ಅದರ ಕೆಳಗೆ ಆಗಲೇ ಸಮಿತಿಯವರ ಕುರ್ಚಿಗಳು.

ಹಗ್ಗಜಗ್ಗಾಟದ ಕಪ್ ಎರಡು ವರ್ಷದಿಂದ ಬೇಕರಿಯಕ್ಕನ ತಂಡದ ಕೈಯಲ್ಲಿತ್ತು. ಬೇಕರಿಯಕ್ಕ ಎಂದರೆ ಮೂವತ್ತು ವರ್ಷ ಬ್ರೆಡ್ಡಿನ ಒಲೆಯ ಮುಂದೆ ನಿಂತ ಹೆಂಗಸು. ಎರಡೂ ತೋಳಿನ ಮೇಲೆ ಬಿಸಿ ತಟ್ಟೆ ತಗುಲಿದ ಗೆರೆಗಳು. ಅವಳ ತಂಡದಲ್ಲಿ ಎಂಟು ಜನ. ಹಗ್ಗದ ತುದಿಯಲ್ಲಿ, ಎಲ್ಲರ ಭಾರ ಹೊತ್ತು ನಿಲ್ಲುವವಳು ಅವಳ ಸೊಸೆ.

ಆ ತಂಡಕ್ಕೊಂದು ನಿಯಮವಿತ್ತು. ಮನೆಯಿಂದ ಹೊರಟ ಮೇಲೆ, ಕೊನೆಯ ಎಳೆತ ಮುಗಿಯುವವರೆಗೆ ಯಾರೂ ನೀರು ಮುಟ್ಟಬಾರದು.

"ಹೊಟ್ಟೇಲಿ ನೀರು ಕುಲುಕಿದ್ರೆ ಕಾಲು ನೆಲ ಹಿಡಿಯಲ್ಲ" ಎನ್ನುತ್ತಿದ್ದಳು ಬೇಕರಿಯಕ್ಕ. ಗೆದ್ದವರ ಮಾತು, ಯಾರೂ ಎದುರಾಡಲಿಲ್ಲ.

ಈ ವರ್ಷ ಪಂದ್ಯಕ್ಕೆ ಎಂಟು ದಿನ ಮುಂಚೆ ಅಭ್ಯಾಸ ನಡೆದಿತ್ತು. ಹನ್ನೊಂದು ಗಂಟೆಯ ಹೊತ್ತು. ಮೂರನೆಯ ಎಳೆತಕ್ಕೆ ಹಗ್ಗ ಇದ್ದಕ್ಕಿದ್ದಂತೆ ಸಡಿಲವಾಯಿತು. ಎಲ್ಲರೂ ತಿರುಗಿ ನೋಡಿದರೆ ಸೊಸೆ ನೆಲದ ಮೇಲೆ ಕೂತಿದ್ದಳು. ಮುಖ ಬಿಳಚಿಕೊಂಡಿತ್ತು, ಮೈಯೆಲ್ಲ ಬೆವರು.

"ಕಣ್ಣು ಕತ್ತಲಿಡ್ತಿದೆ ಅತ್ತೆ" ಎಂದು ಹಾಗೇ ಒರಗಿದಳು.

ತಂಡದಲ್ಲಿದ್ದ ಟೈಲರ್ ಚಿಕ್ಕಮ್ಮ ತನ್ನ ನೆರಳು ಹುಡುಗಿಯ ಮುಖದ ಮೇಲೆ ಬೀಳುವ ಹಾಗೆ ಜಾಗ ನೋಡಿಕೊಂಡು ನಿಂತಳು. ಅಷ್ಟರಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಮನೆಮನೆ ಸುತ್ತುತ್ತಿದ್ದ ನರ್ಸಮ್ಮ ಸೈಕಲ್ಲಿನಿಂದ ಇಳಿದು ಬಂದಳು.

"ಬೆಳಗಿಂದ ಎಷ್ಟು ನೀರು ಕುಡಿದಿದ್ದೀಯಮ್ಮ?"

ಸೊಸೆ ಅತ್ತೆಯ ಮುಖ ನೋಡಿದಳು. "ಆರು ಗಂಟೆಗೆ ಒಂದು ಲೋಟ ಟೀ."

ಎಲ್ಲರೂ ಸೇರಿ ಅವಳನ್ನು ಬೇಕರಿಯ ಮುಂದಿನ ಕೋಣೆಗೆ ಕರೆತಂದರು. ನರ್ಸಮ್ಮ ಫ್ಯಾನ್ ಕೆಳಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಕಾಲಿನ ಕೆಳಗೆ ಹಿಟ್ಟಿನ ಚೀಲ ಇಟ್ಟು ಎತ್ತರ ಮಾಡಿದಳು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಗಂಟೆಗೆ ಹುಡುಗಿಯ ತುಟಿಗೆ ಬಣ್ಣ ಬಂತು.

ಸಂಜೆ ನರ್ಸಮ್ಮ ಮತ್ತೆ ಬಂದಳು. ಬೇಕರಿಯಕ್ಕ ಹಿಟ್ಟು ನಾದುತ್ತಿದ್ದಳು. ಸೊಸೆ ಕುರ್ಚಿಯಲ್ಲಿ ಕೂತು ಬನ್ನುಗಳನ್ನು ಕವರಿಗೆ ಹಾಕುತ್ತಿದ್ದಳು.

"ಅಕ್ಕ, ಆ ನೀರು ಮುಟ್ಟದ ನಿಯಮ ಬಿಡಬೇಕು ನೀವು."

"ಇವಳು ಬೆಳಗ್ಗೆ ಸರಿಯಾಗಿ ತಿಂದಿರಲಿಲ್ಲ, ಅಷ್ಟೇ. ನಾನು ಮೂವತ್ತು ವರ್ಷ ಒಲೆ ಮುಂದೆ ನಿಂತವಳು ನರ್ಸಮ್ಮ. ಬಿಸಿಲೇನು ನನಗೆ ಹೊಸ ನೆಂಟನಾ?"

"ಒಲೆ ಮುಂದೆ ನಿಂತಾಗ ನೀರು ಕುಡೀತೀರಾ?"

"ಕುಡೀದೆ? ಕೊಡಗಟ್ಟಲೆ ಕುಡೀತೀನಿ."

"ಮತ್ತೆ ಮೈದಾನದಲ್ಲಿ ಮಾತ್ರ ಯಾಕೆ ಬೇಡ?"

ಬೇಕರಿಯಕ್ಕ ಹಿಟ್ಟನ್ನು ಮಗುಚಿ ಹಾಕಿ ಮತ್ತೆ ನಾದತೊಡಗಿದಳು. ಉತ್ತರ ಬಂದದ್ದು ಸೊಸೆಯಿಂದ. "ಹೇಳಿಬಿಡಿ ಅತ್ತೆ. ಕುಡಿದ್ರೆ ಹೋಗೋಕೆ ಅಲ್ಲಿ ಜಾಗ ಇಲ್ಲ."

ನಿಜ ಸಂಗತಿ ಅದು. ಮೊದಲ ವರ್ಷ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಎಂಟು ಹೆಂಗಸರು ಹಲ್ಲು ಕಚ್ಚಿ ಕೂತಿದ್ದರು. ಗಂಡಸರಿಗಾದರೋ ಗೋಡೆಯ ಮರೆಯಿತ್ತು. ಎರಡನೆಯ ವರ್ಷ ಬೇಕರಿಯಕ್ಕ ನಿಯಮ ಮಾಡಿದಳು. ನಾಚಿಕೆ ಎಂದು ಹೇಳುವ ಬದಲು ಶಕ್ತಿ ಎಂದು ಹೇಳಿದಳು. ಹೇಳುತ್ತ ಹೇಳುತ್ತ ಅವಳೇ ಅದನ್ನು ನಂಬಿದ್ದಳು.

ನರ್ಸಮ್ಮ ದನಿ ತಗ್ಗಿಸಿದಳು. "ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ ಅಕ್ಕ. ಆದ್ರೆ ಮೈಗೆ ಅದೆಲ್ಲ ಗೊತ್ತಾಗಲ್ಲ. ಬೆವರಿನ ಜೊತೆ ನೀರೂ ಹೋಗುತ್ತೆ, ಉಪ್ಪೂ ಹೋಗುತ್ತೆ. ವಾಪಸ್ ತುಂಬಿಸದಿದ್ರೆ ತಲೆ ಸುತ್ತುತ್ತೆ, ಹೊಟ್ಟೆ ತೊಳಸುತ್ತೆ, ಕಾಲು ಸೆಳೆಯುತ್ತೆ. ಇವತ್ತು ಅಲ್ಲಿಗೇ ನಿಂತಿತು. ಅದೂ ಮೀರಿದ್ರೆ ಮೈ ಕೆಂಡ ಆಗುತ್ತೆ, ಮಾತು ತೊದಲುತ್ತೆ, ಎಚ್ಚರ ತಪ್ಪುತ್ತೆ. ಆಗ ಬಾಯಿಗೆ ಏನೂ ಹಾಕಬಾರದು. ಮೈಗೆ ತಣ್ಣೀರು ಸುರೀತಾ, ಗಾಳಿ ಬೀಸ್ತಾ ಆಸ್ಪತ್ರೆಗೆ ಓಡಬೇಕು. ತಡ ಆದ್ರೆ ಜೀವಾನೇ ಹೋಗಬಹುದು. ಇನ್ನು ಗಂಟೆಗಟ್ಟಲೆ ಮೂತ್ರ ಕಟ್ಕೊಂಡು ಕೂತ್ರೆ ಅದರ ಸೋಂಕು ಬೇರೆ. ನೀರಿಲ್ಲದೆ ಇವಳು ಹಗ್ಗ ಹಿಡಿಯೋದಕ್ಕೆ ನಾನಂತೂ ಒಪ್ಪಲ್ಲ."

"ಇವಳಿಲ್ಲದೆ ತಂಡ ಇಲ್ಲ" ಎಂದಳು ಬೇಕರಿಯಕ್ಕ. "ಹಾಗಂತ ನಾನು ಆ ಗಂಡಸರ ಮುಂದೆ ಹೋಗಿ ಕಕ್ಕಸು ಕೇಳಲಾ? ಕಪ್ ಗೆದ್ದವಳು?"

ಬ್ರೆಡ್ ಕೊಳ್ಳಲು ಬಂದಿದ್ದ ಟೈಲರ್ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ಗೆದ್ದವಳು ಕೇಳದಿದ್ರೆ, ಗೋಣಿಚೀಲದ ಓಟದಲ್ಲಿ ಮುಗ್ಗರಿಸಿದ ನಾನು ಕೇಳಲಾ?"

ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಬೇಕರಿಯಕ್ಕ ನಗಲಿಲ್ಲ. ಸೊಸೆಯ ಮುಖವನ್ನೇ ನೋಡಿದಳು. ಬೆಳಿಗ್ಗೆ ಬಿಳಚಿಕೊಂಡಿದ್ದ ಮುಖ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

ಮರುದಿನ ಎಂಟೂ ಜನ ಸಮಿತಿಯ ಸಭೆಗೆ ಹೋದರು. ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ತರು.

"ಸಾರ್, ನಮಗೆ ನಾಲ್ಕು ಬೇಕು" ಎಂದಳು ಬೇಕರಿಯಕ್ಕ. ನಾಲ್ಕು ಬೆರಳು ಎತ್ತಿ ಒಂದೊಂದಾಗಿ ಮಡಿಸಿದಳು. "ಕುಡಿಯೋ ನೀರು, ನೆರಳು, ಹೆಂಗಸರಿಗೆ ಶೌಚಾಲಯ. ಮತ್ತೆ ನಮ್ಮ ಪಂದ್ಯ ಮಧ್ಯಾಹ್ನ ಬೇಡ, ಬಿಸಿಲು ಇಳಿದ ಮೇಲೆ ಇಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರು ಕನ್ನಡಕ ತೆಗೆದರು. "ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲಮ್ಮ."

"ಇಷ್ಟು ವರ್ಷ ಗಂಟಲು ಒಣಗಿತ್ತು ಸಾರ್. ಇವತ್ತು ನೀರು ಕುಡಿದು ಬಂದಿದ್ದೀವಿ."

ಈಗ ನಗೆ ಬೇರೆ ಥರದ್ದಾಗಿತ್ತು. ಮಾಸ್ತರು ಮಾತ್ರ ನಗಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ನನ್ನ ಮನೆಯವಳು ಪ್ರತಿ ವರ್ಷ ಆಟ ನೋಡೋಕೆ ಬರ್ತಾಳೆ, ಒಂದೇ ಗಂಟೇಲಿ ಎದ್ದು ಹೋಗ್ತಾಳೆ. ಅವಳಿಗೆ ಆಟ ಅಂದ್ರೆ ಅಷ್ಟಕ್ಕಷ್ಟೆ ಅಂದ್ಕೊಂಡಿದ್ದೆ ನಾನು."

ಮತ್ತೆ ಚರ್ಚೆ ಬೆಳೆಯಲಿಲ್ಲ, ಸಮಿತಿ ನಾಲ್ಕಕ್ಕೂ ಒಪ್ಪಿತು. ಮೈದಾನದ ಪಕ್ಕದಲ್ಲೇ ಶಾಲೆಯಿತ್ತು. ಅಲ್ಲಿ ಆರು ಶೌಚಾಲಯಗಳಿದ್ದವು, ರಜೆಯೆಂದು ಬೀಗ ಹಾಕಿದ್ದರು. ಒಂದು ಬೀಗದ ಕೈ ಕೇಳುವ ಕೆಲಸ, ಅಷ್ಟೇ. ಅದನ್ನು ಈವರೆಗೆ ಯಾರೂ ಯೋಚಿಸಿರಲಿಲ್ಲ.

ಆ ವಾರ ಬೇಕರಿಯ ಖಾಲಿ ಹಿಟ್ಟಿನ ಚೀಲಗಳನ್ನು ಒಗೆದು ಒಣಗಿಸಿದರು. ಟೈಲರ್ ಚಿಕ್ಕಮ್ಮ ಅವನ್ನೆಲ್ಲ ಕೂಡಿಸಿ ಹೊಲಿದು ದೊಡ್ಡ ಚಪ್ಪರ ಮಾಡಿದಳು. ನರ್ಸಮ್ಮ ಸೊಸೆಯನ್ನು ಎರಡು ಸಲ ಬಂದು ನೋಡಿ, "ಈಗ ಎಳೀಬಹುದು, ಆದ್ರೆ ತಲೆ ಸುತ್ತಿದ ತಕ್ಷಣ ಹಗ್ಗ ಬಿಡಬೇಕು" ಎಂದಳು. ಪಂದ್ಯದ ದಿನ ಬೆಳಿಗ್ಗೆ ಮಾಸ್ತರು ಪಂಚೆ ಎತ್ತಿ ಕಟ್ಟಿ, ಶಾಲೆಯ ಶೌಚಾಲಯದ ಬಕೆಟ್ಟುಗಳಿಗೆ ತಾವೇ ನೀರು ತುಂಬಿಸುತ್ತಿದ್ದುದನ್ನು ಊರೇ ನೋಡಿತು.

ಸಂಜೆ ಐದಕ್ಕೆ ಕೊನೆಯ ಪಂದ್ಯ. ಎದುರಿಗೆ ಮೇಲಿನೂರಿನ ತಂಡ. ಅವರ ನಾಯಕಿ ಹಾಲಿನ ಡೈರಿಯಲ್ಲಿ ಕೆಲಸ ಮಾಡುವವಳು, ಕಲ್ಲಿನಂಥ ಹೆಂಗಸು. ಬೇಕರಿಯಕ್ಕ ಎಲ್ಲರೂ ನೋಡುವಂತೆ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಒಂದು ಲೋಟ ಪೂರ್ತಿ ಕುಡಿದಳು. ಸೊಸೆಗೂ ಕುಡಿಸಿದಳು. ಆಮೇಲೆ ಲೋಟ ತುಂಬಿಸಿ ಡೈರಿಯವಳ ಮುಂದೆ ಹಿಡಿದಳು.

ಅವಳು ಹಿಂಜರಿದಳು. "ಬೇಡ ಅಕ್ಕ, ಆಮೇಲೆ ಕಷ್ಟ ಆಗುತ್ತೆ."

"ಕುಡಿಯೇ. ಶಾಲೆ ಹಿಂದೆ ಜಾಗ ಇದೆ. ಸೋಪೂ ಇದೆ."

ಡೈರಿಯವಳು ಒಂದೇ ಉಸಿರಿಗೆ ಕುಡಿದಳು, ತನ್ನ ತಂಡವನ್ನೂ ಕರೆದಳು.

ಆಮೇಲೆ ನಡೆದಂಥ ಎಳೆತವನ್ನು ಆ ಮೈದಾನ ಹಿಂದೆಂದೂ ಕಂಡಿರಲಿಲ್ಲ. ಹಗ್ಗ ಅತ್ತ ಒಂದು ಗೇಣು, ಇತ್ತ ಒಂದು ಗೇಣು. ಹದಿನಾರು ಹೆಂಗಸರಲ್ಲಿ ಒಬ್ಬಳೂ ಕುಸಿಯಲಿಲ್ಲ. ಕೊನೆಗೆ ಮೇಲಿನೂರಿನವರು ಎಳೆದುಕೊಂಡರು.

"ಎದುರಾಳಿಗೆ ನೀರು ಕುಡಿಸಿ ಸೋತವರು ಲೋಕದಲ್ಲಿ ನಾವೇ ಇರಬೇಕು" ಎಂದಳು ಟೈಲರ್ ಚಿಕ್ಕಮ್ಮ, ಅಂಗೈ ಉಜ್ಜಿಕೊಳ್ಳುತ್ತ.

ಬೇಕರಿಯಕ್ಕ ಸುತ್ತ ನೋಡಿದಳು. ಚಪ್ಪರದ ಕೆಳಗೆ ಅಜ್ಜಿಯರು, ಬಸುರಿಯರು, ಕಂಕುಳಲ್ಲಿ ಕೂಸು ಹೊತ್ತವರು. ಪ್ರತಿ ವರ್ಷ ಮಧ್ಯಾಹ್ನಕ್ಕೇ ಮನೆ ಸೇರುತ್ತಿದ್ದ ಹೆಂಗಸರು ಇನ್ನೂ ಅಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದಲ್ಲಿ ಸೊಸೆ, ಕೆಂಪಗಾದ ಮುಖ, ಗಟ್ಟಿ ನಿಂತ ಕಾಲು. ಗೆದ್ದ ಎರಡು ವರ್ಷವೂ ಬೇಕರಿಯಕ್ಕನ ತಲೆ ಇಷ್ಟು ಎತ್ತರಕ್ಕೆ ಏರಿರಲಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಿಸಿಲಲ್ಲಿ ಆಡಿ, ಓಡಿ, ನಲಿಯಿರಿ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ತುಂಬ ಬೆವರಿ ಸುಸ್ತಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಬೆರೆಸಿ ಕುಡಿಯಿರಿ. ಯಾರಾದರೂ ತಲೆಸುತ್ತಿ ಕೂತರೆ ಮೊದಲು ನೆರಳಿಗೆ ಒಯ್ಯಿರಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಸಾಗಿಸಿ.

ನಿಮ್ಮೂರಿನಲ್ಲಿ ಆಟ ನಡೆಸುವವರು ನೀವಾದರೆ, ಮೈದಾನಕ್ಕೆ ಗೆರೆ ಎಳೆಯುವ ಮೊದಲು ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ. ಆಡುವವರು ನೀವಾದರೆ, ನಾಚಿಕೊಳ್ಳದೆ ಕೇಳಿ. ನೀವು ಒಬ್ಬರು ಬಾಯಿಬಿಟ್ಟು ಕೇಳಿದರೆ ನೂರು ಜನ ನೆಮ್ಮದಿಯಿಂದ ನೀರು ಕುಡಿಯುತ್ತಾರೆ.