ಬೀದಿಗೊಂದು ಬಿಳಿ ವೃತ್ತ

ನಾನು ಒಂದು ತಗಡಿನ ಡಬ್ಬಿ. ಹುಟ್ಟಿದ್ದು ಎಣ್ಣೆ ತುಂಬಲಿಕ್ಕೆ. ಎಣ್ಣೆ ಮುಗಿದ ದಿನವೇ ಖಾನಾವಳಿಯವರು ನನ್ನನ್ನು ತಿಪ್ಪೆಗೆ ಎಸೆದರು. ಎತ್ತಿಕೊಂಡವಳು ಬೀದಿ ಗುಡಿಸುವ ಪೌರಕಾರ್ಮಿಕ ಹುಲಿಗೆಮ್ಮ. ಮೊಳೆಯಿಂದ ನನ್ನ ತಳಕ್ಕೆ ಹನ್ನೆರಡು ತೂತು ಹೊಡೆದಳು. ಅಯ್ಯಯ್ಯೋ, ಆ ನೋವೇ! ಆದರೆ ಕೆಲಸ ಸಿಕ್ಕಿತು ನೋಡಿ. ಬ್ಲೀಚಿಂಗ್ ಪುಡಿ ತುಂಬಿ ಅಲ್ಲಾಡಿಸಿದರೆ ಚರಂಡಿಯುದ್ದಕ್ಕೂ ಬಿಳಿ ಗೆರೆ ಬೀಳುತ್ತಿತ್ತು.

ಕೊರೊನಾ ಬಂದ ವರ್ಷ ರೇಷನ್ ಅಂಗಡಿ, ಔಷಧದ ಅಂಗಡಿಗಳ ಮುಂದೆ ಜನ ದೂರ ದೂರ ನಿಲ್ಲಲೆಂದು ವೃತ್ತ ಬರೆದದ್ದು ನಾನೇ. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಹುಲಿಗೆಮ್ಮನಂಥ ಪೌರಕಾರ್ಮಿಕ ಹೆಂಗಸರು ಮಾತ್ರ ಬರಿಗೈಯಲ್ಲಿ ಆಸ್ಪತ್ರೆಯ ಕಸ ಎತ್ತುತ್ತಿದ್ದರು. ಕೈಗವಸು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಅಷ್ಟರಲ್ಲಿ ಹುಲಿಗೆಮ್ಮನ ಜೊತೆಗಾತಿ ಮರಿಯಮ್ಮ ಜ್ವರ ಹಿಡಿದು ಆಸ್ಪತ್ರೆ ಸೇರಿದಳು.

"ಇನ್ನ ಸುಮ್ನ ಕುಂತ್ರ ಒಬ್ಬೊಬ್ರ ಸಾಯ್ತೀವಿ. ನಗರಸಭೆ ಮುಂದ ನಿಲ್ಲೋಣ ನಡೀರಿ," ಎಂದಳು ಹುಲಿಗೆಮ್ಮ.

ಐದಕ್ಕಿಂತ ಹೆಚ್ಚು ಜನ ಗುಂಪು ಸೇರಬಾರದೆಂಬ ಆದೇಶವಿತ್ತು. ದೂರ ನಿಂತರೆ ಒಪ್ಪಿಯಾರೆಂದು ಸಂಜೆಯೇ ಕಚೇರಿಯ ಮುಂದೆ ಆರಾರು ಅಡಿಗೆ ಒಂದರಂತೆ ನಲವತ್ತೆರಡು ವೃತ್ತ ಹಾಕಿದಳು.

ಬೆಳಿಗ್ಗೆ ಬಂದು ನೋಡಿದರೆ ಒಂದೂ ಇಲ್ಲ! ಎಲ್ಲರಿಗಿಂತ ಮೊದಲು ಬಂದ ದುರುಗಮ್ಮ ಅಂಗಳವನ್ನೆಲ್ಲ ಗುಡಿಸಿಬಿಟ್ಟಿದ್ದಳು. "ನಸುಕಿನ್ಯಾಗ ಕೈ ತನ್ನಷ್ಟಕ್ಕ ತಾನ ಗುಡಿಸ್ತವ್ವ, ನಾ ಏನ್ ಮಾಡ್ಲಿ!" ಎಂದು ಹಣೆ ಬಡಿದುಕೊಂಡಳು. ಬೈಯುತ್ತ ನಗುತ್ತ ಎಲ್ಲರೂ ಅವಳನ್ನು ಮುತ್ತಿದರು. ಅದೇ ಹೊತ್ತಿಗೆ ಪೊಲೀಸ್ ಇನ್ಸ್‌ಪೆಕ್ಟರ್ ಬಂದರು.

"ಏನಿದು ಗುಂಪು? ಎಲ್ಲಾರ ಮ್ಯಾಲೂ ಕೇಸ್ ಹಾಕ್ತೀನಿ!"

ಹುಲಿಗೆಮ್ಮ ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಸಿಟ್ಟಿನಿಂದ ಮುಂದೆ ನುಗ್ಗಿದಳು. ಆದರೆ ಸುತ್ತ ನೋಡಿದಳು. ಹೆಗಲಿಗೆ ಹೆಗಲು ತಾಗಿತ್ತು, ಅರ್ಧ ಜನರ ಮೂಗಿನ ಮೇಲೆ ಸೆರಗೂ ಇರಲಿಲ್ಲ.

"ಗುಂಪಿನ ಮಾತು ಖರೆ ಸಾಹೇಬ್ರ. ರೋಗ ಹಂಚಾಕ ಬಂದಿಲ್ಲ ನಾವು. ಆದ್ರ ಬಾಯಿ ಮುಚ್ಕೊಂಡು ಮನೀಗೂ ಹೋಗಂಗಿಲ್ಲ." ಹೆಂಗಸರತ್ತ ತಿರುಗಿದಳು. "ಅವರವರ ಬೀದಿಗೆ ನಡೀರೆ. ಕಸಬರಿಗಿ ಹಿಡ್ಕೊಂಡು ಒಬ್ಬೊಬ್ರ ನಿಲ್ರಿ. ಆಸ್ಪತ್ರಿ ಕಸ ಬಿದ್ದಿರಬಾರ್ದು, ಅದನ್ನ ನಾ ಎತ್ತತೀನಿ. ಉಳಿದದ್ದು ಯಾರೂ ಗುಡಿಸಬ್ಯಾಡ್ರಿ. ದುರುಗಿ, ನಿನಗ ಎರಡ ಸಲ ಹೇಳ್ತೀನಿ, ಗುಡಿಸಬ್ಯಾಡ!"

ಅಂದು ನಲವತ್ತೆರಡು ಬೀದಿ ಸುತ್ತಿ ಬೀದಿಗೊಂದು ವೃತ್ತ ಹಾಕಿದೆ. ಬಿಸಿಲು ಏರಿತು, ಕಾಲು ಊದಿದವು. ಯಾರೂ ಕದಲಲಿಲ್ಲ. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಗುಂಪು ಹುಡುಕುತ್ತ ಅಲೆದರು. ಎಲ್ಲಿ ನೋಡಿದರೂ ಒಬ್ಬಳೇ ಹೆಂಗಸು. ಮೂರನೆಯ ದಿನ ಕಸದ ನಾತ ತಾಳದೆ ಮನೆಯೊಳಗಿನ ಜನರೇ ನಗರಸಭೆಗೆ ಫೋನ್ ಮಾಡತೊಡಗಿದರು. ನಾಲ್ಕನೆಯ ದಿನ ಕೈಗವಸು ಬಂದವು, ನಲವತ್ತೆರಡು ಜೋಡಿ.

"ನಾವು ನಲವತ್ಮೂರು," ಎಂದಳು ಹುಲಿಗೆಮ್ಮ. "ಮರಿಯಮ್ಮಂದೂ ಕೊಡ್ರಿ." ಇಸಿದುಕೊಂಡೇ ಅಲ್ಲಿಂದ ಕದಲಿದಳು.

ಮರಿಯಮ್ಮ ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ಈಗ ನನ್ನ ತೂತುಗಳೆಲ್ಲ ತುಕ್ಕು ತಿಂದು ಒಂದಾಗಿವೆ, ಪುಡಿ ನಿಲ್ಲುವುದಿಲ್ಲ. ಉಗ್ರಾಣದ ಮೂಲೆಯಲ್ಲಿ ಮರಿಯಮ್ಮನ ಆ ಜೋಡಿಯನ್ನು ಒಳಗಿಟ್ಟುಕೊಂಡು ಕೂತಿದ್ದೇನೆ. ಮುದಿ ಡಬ್ಬಿಗೆ ಇದಕ್ಕಿಂತ ದೊಡ್ಡ ಕೆಲಸ ಬೇಕೆ? ಕೈಗವಸಿನ ದಾಸ್ತಾನು ಮುಗಿಯುತ್ತ ಬಂದಾಗಲೆಲ್ಲ ಹುಲಿಗೆಮ್ಮ ನನ್ನನ್ನು ಹೊತ್ತೊಯ್ದು, ಅಧಿಕಾರಿಯ ಮೇಜಿನ ಮೇಲೆ ಆ ಕೈಗವಸು ತೆಗೆದಿಡುತ್ತಾಳೆ.

"ಇವು ತಡಾಗಿ ಬಂದ್ವು ಸಾಹೇಬ್ರ. ಮುಂದಿನವು ಹೊತ್ತಿಗೆ ಬರ್ಲಿ."