ನಾನೂರು ಕಿಲೋಮೀಟರಿನ ಷರತ್ತು

ನಮ್ಮ ಮನೆಗೆ ಒಂದು ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದು ತೀರ್ಮಾನವಾಗಿ ಹನ್ನೊಂದು ತಿಂಗಳಾಗಿತ್ತು. ಯಾವ ಕಾರು ಎಂಬುದಷ್ಟೇ ಬಾಕಿ. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಐದು ಮಂದಿ ಕಾರು ಕೊಂಡಾಗಿತ್ತು. ಅವರಲ್ಲಿ ಒಬ್ಬರಂತೂ ಕೊಂಡದ್ದನ್ನು ಮಾರಿ ಇನ್ನೊಂದನ್ನೂ ತಂದರು. ನಾನು ಮಾತ್ರ ದಿನಾ ಬೆಳಿಗ್ಗೆ ಎಂಟಕ್ಕೆ ಹೆಗಲಿಗೆ ಚೀಲ ಏರಿಸಿಕೊಂಡು ಬಸ್ಸಿಗೆ ಓಡುತ್ತಲೇ ಇದ್ದೆ.

ಆ ಚೀಲದ ಬಗ್ಗೆ ಹೇಳಲೇಬೇಕು. ನಾನು ಫಿಸಿಯೋಥೆರಪಿಸ್ಟ್. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೇ ಹೋಗಿ ಅವರ ಕೈಕಾಲು ಆಡಿಸುವುದು ನನ್ನ ಕೆಲಸ. ಚೀಲದಲ್ಲಿ ರಬ್ಬರ್ ಪಟ್ಟಿಗಳು, ಮರಳು ತುಂಬಿದ ತೂಕಗಳು, ನರಕ್ಕೆ ಸಣ್ಣಗೆ ಕರೆಂಟು ಕೊಡುವ ಒಂದು ಯಂತ್ರ, ಎಲ್ಲ ಸೇರಿ ಒಂಬತ್ತು ಕಿಲೋ. ದಿನಕ್ಕೆ ಆರು ಮನೆ, ನಾಲ್ಕು ಬಸ್ಸು, ಮೂವತ್ತೊಂದು ಕಿಲೋಮೀಟರು. ಊರವರ ಮಂಡಿ ರಿಪೇರಿ ಮಾಡುತ್ತಾ ನನ್ನ ಮಂಡಿಯೇ ಮೆಟ್ಟಿಲು ಹತ್ತುವಾಗ ಕಟಕಟ ಎನ್ನತೊಡಗಿತ್ತು.

ನನ್ನ ಗಂಡ ನಗರಸಭೆಯ ಟೆಂಡರ್ ವಿಭಾಗದಲ್ಲಿ ಹೆಡ್ ಗುಮಾಸ್ತರು. ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುವುದು 'ಷರಾ ಸಾಹೇಬರು' ಎಂದು. ಫೈಲಿನ ಕೊನೆಯ ಕಾಲಮ್ಮಿನಲ್ಲಿ ಷರಾ ಬರೆಯದೆ ಒಂದು ಪೊರಕೆಯನ್ನೂ ಅವರು ಕೊಳ್ಳಗೊಟ್ಟವರಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅವರ ಮೇಲೆ ಒಂದೇ ಒಂದು ಆಕ್ಷೇಪಣೆ ಬಂದಿಲ್ಲ. ಒಂದೇ ಒಂದು ಪೊರಕೆ ಸರಿಯಾದ ಹೊತ್ತಿಗೆ ಬಂದದ್ದೂ ಇಲ್ಲ, ಅದು ಬೇರೆ ಮಾತು.

ಕಾರಿಗೂ ಫೈಲು ತೆರೆದರು. ದಾರ ಕಟ್ಟಿದ ಫೈಲು, ಪುಟಪುಟಕ್ಕೂ ನಂಬರು, ಮೊದಲ ಹಾಳೆಯಲ್ಲಿ ಇಪ್ಪತ್ತೆಂಟು ಷರತ್ತುಗಳು. ಹಾರನ್ನಿನ ಸದ್ದು ಗಂಭೀರವಾಗಿರತಕ್ಕದ್ದು ಎಂಬುದು ಹತ್ತೊಂಬತ್ತನೆಯದು. ಎರಡನೆಯದು ಬೆಲೆಯ ಮಿತಿ. ನಮ್ಮ ಯೋಗ್ಯತೆಗೆ ತಕ್ಕ, ಅಗ್ಗದ ಕಾರೇ ಆಗಬೇಕು. ಇವೆಲ್ಲ ನನಗೂ ಒಪ್ಪಿಗೆಯೇ. ಕಂಟಕವಾದದ್ದು ಹನ್ನೊಂದನೆಯದು: 'ವಾಹನವು ಒಂದೇ ಚಾರ್ಜಿನಲ್ಲಿ, ಮಾರ್ಗಮಧ್ಯೆ ಎಲ್ಲಿಯೂ ನಿಲ್ಲದೆ, ಕನಿಷ್ಠ ನಾನೂರು ಕಿಲೋಮೀಟರು ಕ್ರಮಿಸತಕ್ಕದ್ದು.'

ಅಗ್ಗದ ಯಾವ ಕಾರೂ ನಾನೂರು ಓಡುವುದಿಲ್ಲ. ನಾನೂರು ಓಡುವ ಯಾವ ಕಾರೂ ಅಗ್ಗವಲ್ಲ. ಹೀಗಾಗಿ ಜಗತ್ತಿನಲ್ಲಿರುವ ಸಕಲ ಕಾರುಗಳೂ ಒಂದೋ ಎರಡನೇ ಷರತ್ತಿನಲ್ಲಿ, ಇಲ್ಲವೇ ಹನ್ನೊಂದನೆಯದರಲ್ಲಿ ಫೇಲಾಗುತ್ತಿದ್ದವು. ಫೇಲಾದವುಗಳ ಮುಂದೆ ಇವರು ಸಮಾಧಾನದಿಂದ ಷರಾ ಬರೆದು, ಹೊಸ ಮಾಡೆಲ್ ಬರಲಿ ಎಂದು ಮರುಟೆಂಡರ್ ಕರೆಯುತ್ತಿದ್ದರು.

ಆ ನಾನೂರು ಬಂದದ್ದು ನನ್ನ ಭಾವನವರ ಊರಿನಿಂದ. ಇವರ ಅಣ್ಣ ಇರುವುದು ಮುನ್ನೂರ ಎಪ್ಪತ್ತು ಕಿಲೋಮೀಟರು ದೂರದಲ್ಲಿ. ಮೂವತ್ತು ಕಿಲೋಮೀಟರು ಮುಂಜಾಗ್ರತೆಗೆ. ತಮಾಷೆಯೆಂದರೆ ನಾವು ಆ ಊರಿಗೆ ಕಾಲಿಟ್ಟು ಆರು ವರ್ಷವಾಗಿತ್ತು. ಮಾವನವರು ತೀರಿಕೊಂಡ ಮೇಲೆ ಅವರ ಹಳೆಯ ಸ್ಕೂಟರನ್ನು ಭಾವನವರು ಮೊದಲು ಬಂದು ಕೇಳಿದವನಿಗೆ ಮಾರಿಬಿಟ್ಟರು. ಮೂರು ಕೊಟೇಶನ್ ಇಲ್ಲ, ತುಲನಾಪಟ್ಟಿ ಇಲ್ಲ. ಬೇರೆ ಯಾವ ತಮ್ಮನಾಗಿದ್ದರೂ ಫೋನು ಮಾಡಿ ಕೂಗಾಡಿ ಸುಮ್ಮನಾಗುತ್ತಿದ್ದ. ಇವರು ಒಡಹುಟ್ಟಿದ ಅಣ್ಣನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿದರು: 'ಈ ಪತ್ರ ತಲುಪಿದ ಮೂರು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.' ಆ ಕಡೆಯಿಂದ ಸಮಜಾಯಿಷಿಯೂ ಬರಲಿಲ್ಲ, ಫೋನೂ ಬರಲಿಲ್ಲ.

ನಮ್ಮ ಜೊತೆಗೇ ಇರುವ ಅತ್ತೆ ಮಾತ್ರ ವರ್ಷಕ್ಕೆರಡು ಸಲ ಬಸ್ಸು ಹತ್ತಿ ದೊಡ್ಡ ಮಗನ ಮನೆಗೆ ಹೋಗಿಬರುತ್ತಾರೆ. ಇವರೂ ಎರಡು ಸಲ ಬ್ಯಾಗು ಕಟ್ಟಿಕೊಂಡು ಹೊರಟದ್ದುಂಟು. ಎರಡೂ ಸಲ ಅದೇ ದಿನ ಸಂಜೆ ವಾಪಸ್ಸು. "ಅರ್ಧ ದಾರೀಲಿ ಆಫೀಸಿಂದ ಅರ್ಜೆಂಟ್ ಫೋನ್ ಬಂತು" ಎಂದಿದ್ದರು. ನಗರಸಭೆಯಲ್ಲಿ ಅರ್ಜೆಂಟು ಎಂಬ ವಸ್ತುವೂ ಇದೆಯೇ ಎಂದು ಆಗಲೇ ನನಗೆ ಸಂಶಯ ಬರಬೇಕಿತ್ತು.

ನನ್ನ ಮನಸ್ಸಿಗೆ ಹಿಡಿಸಿದ್ದ ಕಾರು ಒಂದಿತ್ತು. ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಅಗ್ಗ, ನಾಲ್ಕು ಮೂಲೆಯೂ ದುಂಡಗೆ. ಅತ್ತೆ ಅದಕ್ಕೆ 'ಸೋಪಿನ ಡಬ್ಬಿ' ಎಂದು ಹೆಸರಿಟ್ಟಿದ್ದರು. ಶೋರೂಮಿನಲ್ಲಿ ಅದರ ಹಿಂದಿನ ಸೀಟಿನ ಮೇಲೆ ಚೀಲ ಇಟ್ಟು ನೋಡಿದೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಇಕ್ಕಟ್ಟಿನ ಗಲ್ಲಿಯಲ್ಲೂ ತಿರುಗುತ್ತದೆ. ಮನೆ ಮುಂದಿನ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ತುಂಬುತ್ತದೆ. ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ನಾನು ಮೊದಲ ತಿಂಗಳೇ ತೆಗೆದುಕೊಂಡಿದ್ದೆ. ಇವರಿಗೆ ಓಡಿಸಲು ಬರುವುದಿಲ್ಲ, ಕಲಿಯುವ ಉಮೇದೂ ಇಲ್ಲ.

ನಾಲ್ಕನೇ ಸಲ ಅತ್ತೆಯನ್ನೂ ಕರೆದುಕೊಂಡು ಶೋರೂಮಿಗೆ ಹೋದಾಗ ನಮ್ಮನ್ನು ಕಂಡದ್ದೇ ತಡ, ಇಬ್ಬರು ಸೇಲ್ಸ್‌ಮನ್‌ಗಳು ಚಹಾದ ನೆಪ ಹೇಳಿ ಜಾಗ ಖಾಲಿ ಮಾಡಿದರು. ಹೊಸದಾಗಿ ಸೇರಿದ ಟೈ ಕಟ್ಟಿದ ಒಬ್ಬ ಹುಡುಗ, ಪಾಪ, ಸಿಕ್ಕಿಬಿದ್ದ.

"ಇದು ಒಂದು ಚಾರ್ಜಿಗೆ ಎಷ್ಟು ಓಡುತ್ತೆ?" ಎಂದು ಇವರು ಫೈಲು ಬಿಚ್ಚಿದರು.

"ಇನ್ನೂರ ಮೂವತ್ತು ಸರ್."

"ಏಸಿ ಹಾಕಿದ್ರೆ?"

"ಇನ್ನೂರ ಹತ್ತು ಅಂದ್ಕೊಳ್ಳಿ."

"ರಸ್ತೆ ಏರು ಇದ್ರೆ?"

"ಇನ್ನೂರು."

"ಹಿಂದಿನ ಸೀಟಲ್ಲಿ ನಮ್ಮಮ್ಮ ಕೂತ್ರೆ?"

ಆತ ಅತ್ತೆಯನ್ನು ಒಮ್ಮೆ ನೋಡಿ, ಮರ್ಯಾದಸ್ಥನಾದ್ದರಿಂದ ನೆಲ ನೋಡತೊಡಗಿದ.

"ನನ್ನನ್ನ ಯಾಕೋ ಲಗೇಜಿಗೆ ಸೇರಿಸ್ತೀಯ?" ಅತ್ತೆ ರೇಗಿದರು. "ಬೇಕಾದ್ರೆ ನಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ."

ಇಷ್ಟನ್ನೂ ಕಂಪನಿಯ ಕಾಗದದ ಮೇಲೆ ಬರೆದು, ಸಹಿ ಸೀಲು ಹಾಕಿ, ಮುಚ್ಚಿದ ಲಕೋಟೆಯಲ್ಲಿ ಕೊಡಿ ಎಂದರು ಇವರು. ಆತ ಮ್ಯಾನೇಜರನ್ನು ಕೇಳಿಬರುತ್ತೇನೆಂದು ಒಳಗೆ ಹೋದವನು ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ನಾನಾಗಿದ್ದರೆ ಕಿಟಕಿ ಹಾರಿ ಓಡಿಹೋಗುತ್ತಿದ್ದೆ.

ಆ ವಾರವೇ ನಾನು ಕೆಲಸ ಮಾಡುವ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು.

"ನೋಡಿ ಮೇಡಂ, ನೀವು ಬಸ್ಸಿಗೆ ಕಾಯೋ ಹೊತ್ತಲ್ಲಿ ಇನ್ನೆರಡು ಪೇಷೆಂಟ್ ನೋಡಬಹುದು. ಮುಂದಿನ ತಿಂಗಳು ಒಂದನೇ ತಾರೀಖಿಂದ ಸ್ವಂತ ಗಾಡಿ ಇರೋರಿಗೆ ಮಾತ್ರ ಮನೆ ವಿಸಿಟ್. ನೀವು ಇಲ್ಲೇ ಮೆಷಿನ್ ರೂಮ್ ನೋಡ್ಕೊಳ್ಳಿ."

ಮೆಷಿನ್ ರೂಮೆಂದರೆ ಕಿಟಕಿಯಿಲ್ಲದ ಕೋಣೆ. ಸಾಲಾಗಿ ಮಲಗಿದವರ ಬೆನ್ನಿನ ಮೇಲೆ ದೀಪ ಹಚ್ಚುವುದು, ಹದಿನೈದು ನಿಮಿಷಕ್ಕೆ ಆರಿಸುವುದು. ಅದಕ್ಕೆ ನಾನೇಕೆ, ಒಂದು ಅಲಾರಂ ಸಾಕು. ನನ್ನ ಆರು ಮನೆಗಳಲ್ಲಿ ಒಬ್ಬ ದರ್ಜಿ ಅಜ್ಜ ಇದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಐದು ತಿಂಗಳು ಬಿಡದೆ ಆ ಬೆರಳುಗಳ ಜೊತೆ ಇಬ್ಬರೂ ಗುದ್ದಾಡಿದ್ದೆವು. ಈಗ ಕತ್ತರಿ ಹಿಡಿಯುತ್ತಿದ್ದರು, ತೆರೆಯಲು ಇನ್ನೂ ಆಗುತ್ತಿರಲಿಲ್ಲ. ಇನ್ನೊಂದು ತಿಂಗಳು ಸಿಕ್ಕರೆ ಬಟ್ಟೆಯನ್ನೂ ಕತ್ತರಿಸುವಂತಿದ್ದರು. ಅದನ್ನು ಕಣ್ಣಾರೆ ನೋಡಬೇಕೆಂಬುದು ಅವರಿಗಿಂತ ನನ್ನ ಆಸೆ.

ಅಂದು ಅವರ ಕೈ ಆಡಿಸುತ್ತಾ ಎಲ್ಲವನ್ನೂ ಹೇಳಿಕೊಂಡೆ. ಅಜ್ಜ ಸೊಟ್ಟಬಾಯಲ್ಲೇ ನಕ್ಕರು.

"ನನ್ನ ಹತ್ರ ಒಬ್ಬ ಗಿರಾಕಿ ಇದ್ದ ತಾಯಿ. ಕೋಟಿಗೆ ಬಟ್ಟೆ ಆರಿಸೋಕೆ ಎರಡು ವರ್ಷ ತಗೊಂಡ. ಅಷ್ಟರಲ್ಲಿ ಅವನಿಗೆ ಹೊಟ್ಟೆ ಬಂದು, ನಾನು ಬರ್ಕೊಂಡಿದ್ದ ಅಳತೆ ಯಾವುದಕ್ಕೂ ಆಗಲಿಲ್ಲ."

"ಆಮೇಲೆ ಏನು ಮಾಡಿದ?"

"ಮತ್ತೆ ಅಳತೆ ಕೊಟ್ಟು, ಮತ್ತೆ ಬಟ್ಟೆ ಆರಿಸೋಕೆ ಹೋದ."

ಮನೆಗೆ ಬಂದು ಕ್ಲಿನಿಕ್ಕಿನ ವಿಷಯ ಹೇಳಿದೆ. ಇವರು ಬಹಳ ಕಳಕಳಿಯಿಂದ ಕೇಳಿ, 'ತುರ್ತು' ಎಂಬ ಕೆಂಪು ಚೀಟಿಯೊಂದನ್ನು ಫೈಲಿಗೆ ಅಂಟಿಸಿದರು. ಅವರ ಕಚೇರಿಯಲ್ಲಿ ಆ ಚೀಟಿ ಅಂಟಿಸಿಕೊಂಡ ಫೈಲುಗಳಿಗೇ ಒಂದು ಪ್ರತ್ಯೇಕ ಕಪಾಟಿದೆಯಂತೆ.

ತಿಂಗಳು ಮುಗಿಯಲು ಆರು ದಿನ ಉಳಿದ ಭಾನುವಾರ. ಊಟದ ಮೇಜಿನ ಮೇಲೆ ಫೈಲು ಹರಡಿಕೊಂಡು ಇವರು, "ಮುಂದಿನ ವರ್ಷ ಒಂದು ಹೊಸ ಬ್ಯಾಟರಿ ಬರುತ್ತಂತೆ. ನಾಲ್ಕನೇ ಸಲ ಟೆಂಡರ್ ಕರೆಯೋಣ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರದೇ ಕೆಂಪು ಪೆನ್ನು ಕಸಿದು ಹನ್ನೊಂದನೇ ಷರತ್ತಿನ ಮೇಲೆ ಈ ತುದಿಯಿಂದ ಆ ತುದಿಗೆ ಗೀಟು ಎಳೆದೆ.

"ಏಯ್, ಮೂಲಪ್ರತಿ ಅದು!" ಇವರು ಎದ್ದು ನಿಂತರು.

"ಇರಲಿ ಬಿಡಿ. ನನ್ನ ಮಂಡೀನೂ ಮೂಲಪ್ರತೀನೇ! ದಿನಾ ನಾನು ಓಡಾಡೋದು ಮೂವತ್ತೊಂದು ಕಿಲೋಮೀಟರ್ ರೀ. ನಿಮ್ಮ ಇಪ್ಪತ್ತೆಂಟು ಷರತ್ತಲ್ಲಿ ಆ ಮೂವತ್ತೊಂದು ಎಲ್ಲಿದೆ ತೋರಿಸಿ. ಇಲ್ಲ. ಆರು ವರ್ಷದಿಂದ ಹೋಗದೇ ಇರೋ ಊರು ಇದೆ. ಹೋಗ್ಲಿ, ಆ ದಾರೀಲಿ ನಾಲ್ಕು ಕಡೆ ಚಾರ್ಜ್ ಮಾಡೋ ಜಾಗ ಇದೆ, ನಾನೇ ನೋಡಿದ್ದೀನಿ. ಮಧ್ಯ ಒಂದು ಗಂಟೆ ನಿಲ್ಲಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಿಲ್ಲಿಸೋ ಹಾಗಿಲ್ಲ."

"ಅದೇ ಯಾಕೆ?"

ಇವರು ಫೈಲಿನ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ನನ್ನ ಮುಖ ನೋಡಲಿಲ್ಲ.

"ನಿಲ್ಲಿಸಿದ್ರೆ ನಾನು ವಾಪಸ್ ಬಂದುಬಿಡ್ತೀನಿ," ಎಂದರು. "ಎರಡು ಸಲಾನೂ ಹಾಗೇ ಆಯ್ತು. ಬಸ್ಸು ಓಡ್ತಾ ಇರೋವರೆಗೂ ಧೈರ್ಯ ಇತ್ತು. ಚಹಾಕ್ಕೆ ಅಂತ ನಿಂತಾಗ ಕೆಳಗಿಳಿದೆ. ಅಣ್ಣ ಬಾಗಿಲು ತೆಗೆದು ಏನಂತಾನೋ ಅಂತ ಯೋಚನೆ ಬಂತು. ಎದುರಿಗೆ ವಾಪಸ್ ಬರೋ ಬಸ್ಸಿತ್ತು, ಹತ್ತಿಬಿಟ್ಟೆ. ಆಫೀಸಿಂದ ಯಾವ ಫೋನೂ ಬಂದಿರಲಿಲ್ಲ."

ನನ್ನ ಕೋಪ ಅಲ್ಲೇ ಜರ್ರನೆ ಇಳಿಯಿತು. ಹನ್ನೊಂದು ತಿಂಗಳು ನಾನು ಬೈದದ್ದು ಒಬ್ಬ ಗುಮಾಸ್ತನನ್ನು. ಎದುರಿಗೆ ಕೂತಿದ್ದದ್ದು ಅಣ್ಣನಿಗೆ ಹೆದರಿದ ತಮ್ಮ. ಅಯ್ಯೋ ಎನಿಸಿತು. ಹಾಗೆಂದು ಕೆಂಪು ಪೆನ್ನನ್ನೇನೂ ನಾನು ವಾಪಸ್ಸು ಕೊಡಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ ದಾಡಿ?" ಎಂದು ಮಗನ ತಲೆ ಸವರಿದರು. ಆಮೇಲೆ ನನ್ನತ್ತ ತಿರುಗಿ, "ನಾಳೆ ಬೆಳಿಗ್ಗೇನೇ ಹೋಗಿ ಆ ಸೋಪಿನ ಡಬ್ಬಿ ತಂದುಬಿಡು" ಎಂದರು.

ಇವರು ಫೈಲು ಎಳೆದುಕೊಂಡು ಕೊನೆಯ ಕಾಲಮ್ಮಿನಲ್ಲಿ ಬರೆದರು: 'ಷರತ್ತು ಹನ್ನೊಂದನ್ನು ಸಡಿಲಿಸಲಾಗಿದೆ.' ಕೆಳಗೆ ಸಹಿ, ತಾರೀಖು.

ಶೋರೂಮಿನವರು ಮನಸ್ಸು ಬದಲಾಗುವ ಮೊದಲೇ ನಮ್ಮನ್ನು ತೊಲಗಿಸಬೇಕೆಂದೋ ಏನೋ, ಎಲ್ಲಿಂದಲೋ ಒಂದು ರೆಡಿ ಕಾರು ಹುಡುಕಿ ನಾಲ್ಕೇ ದಿನದಲ್ಲಿ ಕೀಲಿಕೈ ಕೊಟ್ಟರು. ಒಂದನೇ ತಾರೀಖು ಡಾಕ್ಟರ ಕಿಟಕಿಯ ಕೆಳಗೇ ತಂದು ನಿಲ್ಲಿಸಿ, ಗಂಭೀರವಲ್ಲದ ಹಾರನ್ನನ್ನು ಎರಡು ಸಲ ಒತ್ತಿದೆ. ಮೂರು ವಾರ ಕಳೆದ ಮೇಲೆ ದರ್ಜಿ ಅಜ್ಜ ನನ್ನೆದುರಿಗೇ ಒಂದು ತುಂಡು ಬಟ್ಟೆ ಕತ್ತರಿಸಿದರು. ಹಾವು ಹರಿದ ಹಾಗೆ ಸೊಟ್ಟಸೊಟ್ಟ. ನಾವಿಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಈಗ ಅದು ನನ್ನ ಕಾರಿನ ಗಾಜು ಒರೆಸುತ್ತದೆ.

ಅದರ ಮುಂದಿನ ಶನಿವಾರ ಬೆಳಿಗ್ಗೆ ಮೂವರೂ ಭಾವನವರ ಊರಿಗೆ ಹೊರಟೆವು. ನೂರು ಪರ್ಸೆಂಟ್ ತುಂಬಿಸಿಕೊಂಡೇ ಹೊರಟದ್ದು. ಇವರು ಪಕ್ಕದ ಸೀಟಿನಲ್ಲಿ ಕೂತು ಪ್ರತಿ ಹತ್ತು ಕಿಲೋಮೀಟರಿಗೂ ಪರ್ಸೆಂಟ್ ಓದುತ್ತಿದ್ದರು. ಅರ್ಧ ದಾರಿಗೆ ಬಂದು ಹದಿಮೂರು ಪರ್ಸೆಂಟ್ ಉಳಿದಾಗ ಅವರ ದನಿಯೇ ಇಂಗಿಹೋಯಿತು.

ಚಾರ್ಜ್ ಮಾಡುವ ಜಾಗ ಹೆದ್ದಾರಿಯ ಪಕ್ಕ, ಒಂದು ಟೈರ್ ಅಂಗಡಿಯ ಹಿಂದೆ. ತಗಡಿನ ನೆರಳು, ಒಂದು ಬೆಂಚು. ನಾನು ಕೇಬಲ್ ಸಿಕ್ಕಿಸಿದೆ. ಪರದೆಯ ಮೇಲೆ ಐವತ್ತು ನಿಮಿಷ ಎಂದು ಬಂತು. ಇವರು ಕೆಳಗಿಳಿದು ರಸ್ತೆಯ ಅಂಚಿಗೆ ಹೋಗಿ, ನಾವು ಬಂದ ದಿಕ್ಕನ್ನೇ ನೋಡುತ್ತಾ ನಿಂತರು. ಅಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲ. ಹೊರಡುವ ಮೊದಲೇ ನಾನು ವಿಚಾರಿಸಿಕೊಂಡಿದ್ದೆ.

ಹತ್ತು ನಿಮಿಷವಾದ ಮೇಲೆ ಹತ್ತಿರ ಬಂದರು. "ಈಗಿರೋ ಚಾರ್ಜಲ್ಲಿ ಮನೆಗೆ ವಾಪಸ್ ಹೋಗೋಕಾಗುತ್ತಾ?"

"ಇಲ್ಲ ರೀ. ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ."

"ಪೂರ್ತಿ ಆಗೋವರೆಗೂ ಸುಮ್ನೆ ಕೂತಿರಬೇಕಾ?"

"ಸುಮ್ನೆ ಯಾಕೆ ಕೂರ್ತೀಯ?" ಅತ್ತೆ ಕಾರಿನೊಳಗಿಂದಲೇ ತಮ್ಮ ಫೋನು ಚಾಚಿದರು. ದೊಡ್ಡ ಮಗನ ನಂಬರು ಆಗಲೇ ಒತ್ತಿಯಾಗಿತ್ತು, ಆ ಕಡೆ ರಿಂಗಾಗುತ್ತಿತ್ತು. ತಾಯಿಯ ಕೈಯಲ್ಲಿ ಫೋನು ಬರಿದೇ ರಿಂಗಾಗಲಿ ಎಂದು ಬಿಡುವಷ್ಟು ಕಲ್ಲುಮನಸ್ಸು ಇವರಿಗಿರಲಿಲ್ಲ. ತೆಗೆದುಕೊಂಡರು. ಅತ್ತೆಗೆ ಕಿವಿ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ.

"ಅಮ್ಮಾ?" ಎಂದಿತು ಭಾವನವರ ದನಿ.

"ಅಣ್ಣಾ... ನಾನು."

ಟೈರ್ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು.

"ಸಮಜಾಯಿಷಿ ಬರೆದಿಟ್ಟಿದ್ದೀನಿ," ಎಂದರು ಭಾವನವರು. "ಮೂರನೇ ದಿನಾನೇ ಬರೆದೆ. ಅಂಚೆಗೆ ಹಾಕೋಕೆ ಮನಸ್ಸಾಗಲಿಲ್ಲ. ನೀನೇ ಬಂದು ಕೇಳ್ತೀಯ ಅಂತ ಇಟ್ಕೊಂಡೆ."

ಇವರು ಬೆಂಚಿನ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಕಣ್ಣನ್ನೂ ಅದರಲ್ಲೇ ಒರೆಸಿಕೊಂಡರು.

"ಈಗ ಎಲ್ಲಿದ್ದೀಯೋ?" ಭಾವನವರು ಕೇಳಿದರು.

"ಅರ್ಧ ದಾರೀಲಿ ಅಣ್ಣಾ. ಕಾರು ಚಾರ್ಜಾಗ್ತಿದೆ. ಇನ್ನು ವಾಪಸ್ ಹೋಗೋ ಹಾಗಿಲ್ಲ."