ಸಾಬಮ್ಮನ ಒಂದೇ ಒಂದು ಪ್ರಾಣ

ಸಾಬಮ್ಮನಿಗೆ ಉಳಿದಿದ್ದುದು ಒಂದೇ ಪ್ರಾಣ. ಸಾಬಮ್ಮ ನಮ್ಮ ದಾಳದ ಕಥೆಯಾಟದಲ್ಲಿ ನಾನು ಆಡುವ ಪಾತ್ರ, ಊರೂರು ತಿರುಗುವ ನಾಟಿ ವೈದ್ಯೆ. ಸೇಡಂನಲ್ಲಿ ಅಜಯಕುಮಾರನ ಮನೆಯಲ್ಲಿ ಹದಿನಾಲ್ಕು ಭಾನುವಾರ ದಾಳ ಉರುಳಿಸಿ ಅವಳನ್ನು ಕಾಪಾಡಿಕೊಂಡು ಬಂದಿದ್ದೆ. ಅಜಯ ಕಥೆ ನಡೆಸುತ್ತಾನೆ. ನಾನು ಮತ್ತು ಪೂನಮ್ ಅದರೊಳಗಿನ ಪಾತ್ರಗಳು. ಪಾತ್ರ ಸತ್ತರೆ ಅದರ ವಿವರ ಬರೆದಿಟ್ಟ ಹಾಳೆಯನ್ನು ಹರಿದು ಹಾಕಬೇಕು. ನಾವೇ ಮಾಡಿಕೊಂಡ ನಿಯಮ.

ಅಂದು ಎದುರಾಗಬೇಕಿದ್ದವನು ಫರ್ಸಿ ಕಲ್ಲಿನ ಗಣಿಯ ರಾಕ್ಷಸ.

"ಇವತ್ತ ರಾಕ್ಷಸ ನಾ ಆಗಂಗಿಲ್ಲ," ಎಂದ ಅಜಯ. "ಆಡಕಿ ಊರಿಂದ ನಮ್ಮ ರೇವಣಪ್ಪ ಮಾಮಾ ಬಂದಾರ. ಬಯಲಾಟದಾಗ ಮೂವತ್ತು ವರ್ಷ ರಾಕ್ಷಸನ ಪಾರ್ಟ್ ಮಾಡ್ಯಾರ."

ಮಾಮಾ ಅಡುಗೆಮನೆಯ ಬಾಗಿಲಲ್ಲಿ ಟವೆಲನ್ನು ಪರದೆಯಂತೆ ಹಿಡಿದು, ಹಿಂದೆ ದಡದಡ ಕುಣಿದರು. ಟವೆಲು ಇಳಿಯಿತು. ಬಾಯಿ ತುಂಬ ಎಲೆ, ತಂಬಾಕು. ಕೆಂಪು ರಸ ಬಿಳಿಗಡ್ಡದೊಳಗೆ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಅವರು ಆರ್ಭಟಿಸಿದಾಗ ಮೂರು ಹನಿ ಸಾಬಮ್ಮನ ಹಾಳೆಯ ಮೇಲೆ ಬಿದ್ದವು. ಒರೆಸಿದೆ, ಇನ್ನಷ್ಟು ಹರಡಿತು. ಅದರಲ್ಲಿ ಅಡಿಕೆಯ ಚೂರೂ ಇತ್ತು.

"ಹೊಡೀರಿ ಮಾಮಾ, ದಾಳ ಒಗೀರಿ," ಎಂದು ಅಜಯ ಅವರ ಕೈಗೆ ದಾಳ ಕೊಟ್ಟ.

"ಹ್ಯಾಂಗ ಹೊಡೀಲೋ? ಆಟ ನಡಸೋ ಸಾರಥಿ ಎಲ್ಲಿ? ಅವ ಬಂದು ಯಾರು ಏನು ಅಂತ ಕೇಳಬೇಕು, ನಾ ಹೇಳಬೇಕು, ಆಮ್ಯಾಲ ಯುದ್ಧ. ಹೆಸರ ಹೇಳದೆ ಹೊಡ್ಯಾಕ ನಾ ಏನ್ ಗೂಂಡಾನ?"

ಪೂನಮ್ ನಗುತ್ತಿದ್ದಳು. ನಾನು ಅವರ ಕೈಯೊಳಗಿನ ದಾಳದಿಂದ ಕಣ್ಣು ಕೀಳಲಿಲ್ಲ. ಒಂದು ಬಿದ್ದರಷ್ಟೇ ಪೆಟ್ಟು ತಪ್ಪುತ್ತದೆ, ಎರಡು ಬಿದ್ದರೂ ಸಾಬಮ್ಮ ಮುಗಿದಳು. ನಾನೇ ಎದ್ದು ನಿಂತೆ.

"ಸಾಬಮ್ಮ ಕೇಳ್ತಾಳ್ರಿ. ಅಯ್ಯಾ, ಇಷ್ಟು ಆರ್ಭಟದಿಂದ ಬಂದ ತಾವು ಯಾರು? ತಮ್ಮ ನಾಮಾಂಕಿತವೇನು?"

ಮಾಮಾನ ಕಣ್ಣುಗಳು ಅರಳಿದವು. "ಭಲೇ ಸಾರಥೀ!" ಎಂದವರೇ ಹೆಸರು, ಪಟ್ಟಣ, ತಪಸ್ಸು, ಕೊಂದವರ ಲೆಕ್ಕ ಎಲ್ಲ ಹೇಳಿದರು. ಪ್ರತಿ ಸಾಲಿಗೂ ತುಂತುರು.

"ಈಗರೆ ಹೊಡೀರಿ," ಎಂದ ಅಜಯ.

"ಯಾರಿಗಿ? ಸಾರಥಿಗಾ? ಏ ಹುಚ್ಚ, ಸಾರಥಿ ಮ್ಯಾಲ ಯಾವ ರಾಕ್ಷಸ ಕೈ ಎತ್ಯಾನ? ಮಂದಿ ನಗ್ತಾರ."

ಅಜಯ ನಿಯಮ ಬರೆದಿಟ್ಟ ವಹಿ ತಿರುವಿದ. ಮಾಮಾ ಅದರ ಕಡೆ ನೋಡಲೇ ಇಲ್ಲ.

"ಭಾಳ ಶಾಣ್ಯಾಕಿ ಇದ್ದಿ ಲುಂಬಿನಿ!" ಎಂದು ಪೂನಮ್ ನನ್ನ ಬೆನ್ನು ತಟ್ಟಿದಳು.

"ಆದರ ಸಾರಥಿ ನನ್ನ ಬಾಜೂಕ ನಿಂದರಬೇಕು ನೋಡವಾ," ಎನ್ನುತ್ತ ಮಾಮಾ ನೀರಿನ ಲೋಟ ಎತ್ತಿ, ಬಾಯಲ್ಲಿದ್ದುದನ್ನೆಲ್ಲ ಅದರಲ್ಲಿ ಉಗುಳಿ ನನ್ನ ಕೈಗಿಟ್ಟರು. "ಹಿಡಿ. ಇನ್ನ ನಮ್ಮಪ್ಪನ ಪರಾಕ್ರಮ ಬಾಕಿ ಅದ."

ಲೋಟ ಬೆಚ್ಚಗಿತ್ತು. ನಾನು ಉಸಿರು ಬಿಗಿಹಿಡಿದೆ.

"ಹೇಳ್ರಿ," ಎಂದೆ.